ತೊಗಲುಬೊಂಬೆಯ ತಾತನ ಬಾಳು

(ಮಡಕಶಿರಾ ಸೀಮೆಯ ಒಂದು ಗ್ರಾಮದಲ್ಲಿ ಬೊಂಬೆಯಾಟಕ್ಕೆ ಮುನ್ನ ಮಾಡಿದ ಭಾಷಣ)



ಈ ರಾತ್ರಿ ಇಲ್ಲಿ ಬೊಂಬೆಯಾಟವಿದೆ. ಗುಡಿಯ ಮುಂದಿನ ಬಯಲಿನಲ್ಲಿ ಕಂಬಗಳನ್ನು ನೆಟ್ಟಾಗಿದೆ. ಎರಡು ಬಿಳಿಯ ಪಂಚೆಗಳನ್ನು ಜೋಡಿಸಿ ಪರದೆ ಕಟ್ಟುತ್ತಿರುವರು. ಆ ಕೆಲಸ ಮುಗಿಯುವಷ್ಟು ಹೊತ್ತು ನಾಲ್ಕು ಮಾತು ಆಡಬೇಕೆಂದು ಸಮಿತಿಯವರು ನಮಗೆ ಅಪ್ಪಣೆ ಮಾಡಿದ್ದಾರೆ. ಭಾಷಣವೆಂದರೆ ಮಕ್ಕಳಿಗೆ ನಿದ್ರೆ, ಹಿರಿಯರಿಗೆ ಆಕಳಿಕೆ ಎಂಬುದನ್ನು ಮೂವತ್ತು ವರ್ಷ ಪಾಠ ಹೇಳಿದ ನಾವು ಬಲ್ಲೆವು. ಆದಕಾರಣ ಗಡಿಯ ಇತಿಹಾಸವನ್ನು ಮತ್ತೊಮ್ಮೆ ಮೊದಲಿನಿಂದ ಹೇಳುವ ಸಾಹಸಕ್ಕೆ ಹೋಗುವುದಿಲ್ಲ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಅನಂತಪುರ ಜಿಲ್ಲೆಯೊಡನೆ ನಮ್ಮ ಸೀಮೆಯೂ ಅತ್ತ ಸೇರಿತು; ಅದೇ ದಿನ ಆದವಾನಿ, ಆಲೂರು, ರಾಯದುರ್ಗಗಳು ಬಳ್ಳಾರಿಯಿಂದ ಬೇರ್ಪಟ್ಟವು; 1956ರ ನವೆಂಬರ್ 1ರಂದು ಕನ್ನಡನಾಡು ಒಂದಾದಾಗ ನಾವು ಹೊರಗೆ ಉಳಿದೆವು; 1967ರಲ್ಲಿ ವರದಿ ಕೊಟ್ಟ ಮಹಾಜನ ಆಯೋಗಕ್ಕೆ ಆಂಧ್ರದ ಗಡಿಯ ವಿಷಯವನ್ನು ಒಪ್ಪಿಸಿರಲೇ ಇಲ್ಲ. ಇಷ್ಟನ್ನು ಸಮಿತಿಯ ಕಿರುಹೊತ್ತಿಗೆಗಳಲ್ಲಿ ತಾವು ಓದಿದ್ದೀರಿ. ಹೇಮಾವತಿಯ ನೊಳಂಬರ ಕನ್ನಡ ಶಾಸನಗಳ ವಿಚಾರವನ್ನೂ ಕೇಳಿದ್ದೀರಿ. ಕಲ್ಲಿನ ಮೇಲೆ ಉಳಿದ ಕನ್ನಡವನ್ನು ಎಣಿಸುವ ಕೆಲಸ ನಡೆದಿದೆ. ತೊಗಲಿನ ಮೇಲೆ ಉಳಿದ ಕನ್ನಡದ ವಿಚಾರವನ್ನು ಮಾತ್ರ ಯಾರೂ ಎತ್ತಿಲ್ಲ. ಅದನ್ನು ಒಬ್ಬ ಮನುಷ್ಯನ ಬಾಳಿನ ಮೂಲಕ ಹೇಳುವೆವು.

ಆತನನ್ನು ನಾವೆಲ್ಲರೂ ಬೊಂಬೆಯ ತಾತ ಎಂದೇ ಕರೆಯುತ್ತಿದ್ದೆವು. ಈ ಸಭೆಯಲ್ಲಿ ಐವತ್ತು ದಾಟಿದವರಿಗೆಲ್ಲ ಆತನ ನೆನಪಿದೆ. ಕಡಲೆಕಾಯಿ ಕಿತ್ತು, ರಾಗಿ ಕಣಕ್ಕೆ ಬಂದು, ಊರಿಗೆ ಸ್ವಲ್ಪ ಬಿಡುವು ದೊರೆತ ಕಾಲಕ್ಕೆ ಒಂದು ಸಂಜೆ ಕೆರೆಯ ಏರಿಯ ಕೆಳಗಿನ ಹುಣಿಸೆಮರದಡಿಯಲ್ಲಿ ಎತ್ತಿನ ಗಾಡಿಯೊಂದು ಬಂದು ನಿಲ್ಲುತ್ತಿತ್ತು. ಗಾಡಿಯಲ್ಲಿ ಮಡಕೆಗಳು, ಕೋಳಿಗಳು, ಒಂದು ಹಾರ್ಮೋನಿಯಮ್ಮು, ಒಂದು ಮದ್ದಲೆ, ಮೂರೋ ನಾಲ್ಕೋ ಮಕ್ಕಳು, ಇವೆಲ್ಲಕ್ಕಿಂತ ಎತ್ತರದಲ್ಲಿ ಬಿದಿರಿನಿಂದ ಹೆಣೆದ ಒಂದು ದೊಡ್ಡ ಪೆಟ್ಟಿಗೆ. ಆ ಪೆಟ್ಟಿಗೆಯ ಮೇಲೆ ಯಾರೂ ಕೂರುತ್ತಿರಲಿಲ್ಲ. ಮಗುವೊಂದು ಅರಿಯದೆ ಕಾಲಿಟ್ಟರೆ ಅಜ್ಜಿಯು ಗದರಿಸಿ ಇಳಿಸುತ್ತಿದ್ದಳು. ಅದರೊಳಗೆ ಸೀತಾರಾಮರು, ಪಾಂಡವರು, ರಾವಣನು ಎಲ್ಲರೂ ಒಬ್ಬರ ಮೇಲೊಬ್ಬರು ಮಲಗಿರುತ್ತಿದ್ದರು.

ತಾತನ ತಂದೆ ಇದೇ ಕೆಲಸದವನು. ತಂದೆಯ ತಂದೆಯೂ ಇದೇ ಕೆಲಸದವನು. ಅದಕ್ಕೆ ಹಿಂದೆ ಆತನೂ ಎಣಿಸಲಾರನು. ಈ ಜನರನ್ನು ನಮ್ಮ ಕಡೆ ಕಿಳ್ಳೇಕ್ಯಾತರೆಂದೂ ಬಯಲುಸೀಮೆಯ ಬೇರೆ ಕಡೆಗಳಲ್ಲಿ ಶಿಳ್ಳೇಕ್ಯಾತರೆಂದೂ ಕಟಬರೆಂದೂ ಕರೆಯುತ್ತಾರೆ. ಕಿಳ್ಳೇಕ್ಯಾತ ಎಂಬುದು ವಾಸ್ತವವಾಗಿ ಅವರ ಆಟದ ಹಾಸ್ಯಗಾರ ಬೊಂಬೆಯ ಹೆಸರು. ಮೈ ಕಪ್ಪು, ಹೊಟ್ಟೆ ದಪ್ಪ, ಗುಂಗುರುಕೂದಲು, ಬಾಯಿಗೆ ಕಡಿವಾಣವಿಲ್ಲ. ಆಡಿಸುವವನಿಗೆ ಬೊಂಬೆಯ ಹೆಸರೇ ಅಂಟಿಕೊಂಡ ಜನಾಂಗ ಬೇರೊಂದಿದೆಯೋ ಇಲ್ಲವೋ ಕಾಣೆವು. ನಮ್ಮ ಊರುಗಳಲ್ಲಿ ಅದನ್ನು ಬೈಗುಳವಾಗಿಯೂ ಬಳಸುವ ವಾಡಿಕೆಯಿರುವುದು ನಾಚಿಕೆಯ ವಿಷಯ.

ಅವರ ಮನೆಯ ಮಾತು ಕನ್ನಡವಲ್ಲ. ತೆಲುಗೂ ಅಲ್ಲ. ಗುಡಾರದೊಳಗೆ ತಾತನು ಮಕ್ಕಳೊಡನೆ ಆಡುತ್ತಿದ್ದುದು ಮರಾಠಿಯನ್ನು ಹೋಲುವ ಒಂದು ನುಡಿ. ಹಿಂದೆ ಎಂದೋ ಉತ್ತರದಿಂದ ಇಳಿದುಬಂದವರು ಇವರೆಂದು ವಿದ್ವಾಂಸರು ಊಹಿಸಲು ಅದೇ ಆಧಾರ. ತಮಿಳುನಾಡಿನಲ್ಲಿ ತೊಗಲುಬೊಂಬೆ ಆಡಿಸುವ ಮಂಡಿಕರ ಜನರೂ ಮನೆಯಲ್ಲಿ ಮರಾಠಿ ಆಡಿ ಪರದೆಯ ಹಿಂದೆ ತಮಿಳು ಆಡುತ್ತಾರೆ. ನಮ್ಮ ತಾತನು ಧರ್ಮಾವರ, ಪೆನುಕೊಂಡಗಳ ಕಡೆ ಆಡುವಾಗ ಅವನ ರಾಮನ ಬಾಯಲ್ಲಿ ತೆಲುಗು. ರೊಳ್ಳ, ಅಗಳಿ, ಅಮರಾಪುರ, ಅತ್ತ ಪಾವಗಡ, ಸಿರಾಗಳ ಕಡೆ ತಿರುಗಿದಾಗ ಅದೇ ರಾಮನ ಬಾಯಲ್ಲಿ ಕನ್ನಡ. ಬೊಂಬೆ ಅದೇ, ಕೋಲು ಅದೇ, ರಾಗವೂ ಬಹುಮಟ್ಟಿಗೆ ಅದೇ. ತೆಲುಗಿನಲ್ಲಿ ಹಾಸ್ಯಗಾರನು ಕೇತಿಗಾಡು ಆಗುತ್ತಾನೆ, ಕನ್ನಡದಲ್ಲಿ ಕಿಳ್ಳೇಕ್ಯಾತ. ಆದರೆ ಅವನ ಹೆಂಡತಿ ಬಂಗಾರಕ್ಕ ಎರಡು ಕಡೆಯೂ ಬಂಗಾರಕ್ಕನೇ! ಗಂಡನ ಹೆಸರನ್ನು ಸೀಮೆಗೊಂದು ಬಗೆಯಾಗಿ ಮಾಡಿದರೂ ಹೆಂಡತಿಯ ಹೆಸರನ್ನು ಬದಲಿಸುವ ಧೈರ್ಯ ಯಾರಿಗೂ ಬರಲಿಲ್ಲವೆಂದು ತೋರುತ್ತದೆ.

ನಾವು ಈ ಆಟವನ್ನು ಮೊದಲು ಕಂಡದ್ದು ಎಂಟು ವರ್ಷದವರಾಗಿದ್ದಾಗ. ತಾಯಿಯ ಮಡಿಲಿನಲ್ಲಿ ಕಂಬಳಿ ಹೊದ್ದು ಕುಳಿತಿದ್ದೆವು. ಮೊದಲು ಪರದೆಯ ಮೇಲೆ ಗಣಪತಿ, ಅನಂತರ ಸರಸ್ವತಿ. ಹಿಂದೆ ಉರಿಯುವ ದೀಪದ ಬೆಳಕು ತೊಗಲನ್ನು ಹಾದು ಬಂದು, ಕೆಂಪು ಹಸುರು ಬಣ್ಣಗಳು ಪರದೆಯಲ್ಲಿ ಮೂಡಿದಾಗ ಉಸಿರು ನಿಂತಂತಾಯಿತು. ಯುದ್ಧ ಬಂದಿತೆಂದರೆ ಪರದೆಯ ಹಿಂದೆ ಕಾಲಡಿಯ ಹಲಗೆಗಳನ್ನು ತುಳಿಯುವ ಸದ್ದು, ಖಾಲಿ ಸೀಮೆಎಣ್ಣೆ ಡಬ್ಬವನ್ನು ಬಡಿಯುವ ಸದ್ದು. ನಡುರಾತ್ರಿ ತಾಯಿಗೆ ಜೊಂಪು ಹತ್ತಿದುದನ್ನು ಕಂಡು ನಾವು ಮೆಲ್ಲನೆ ಎದ್ದು ಪರದೆಯ ಹಿಂಬದಿಗೆ ನುಸುಳಿದೆವು. ಅಲ್ಲಿ ಕಂಡ ನೋಟ ಇಂದಿಗೂ ಮರೆಯದು. ಎಲೆಯಡಿಕೆ ಮೆಲ್ಲುತ್ತ, ತೊಡೆಯ ಮೇಲೆ ಮೊಮ್ಮಗುವನ್ನು ಮಲಗಿಸಿಕೊಂಡು, ಕೈಯಲ್ಲಿ ತಾಳ ಹಿಡಿದು ಅಜ್ಜಿಯು ಅಶೋಕವನದ ಸೀತೆಯ ಶೋಕವನ್ನು ಹಾಡುತ್ತಿದ್ದಳು. ಮುಂಬದಿಯಲ್ಲಿ ಊರ ಹೆಂಗಸರು ಕಣ್ಣೊರಸಿಕೊಳ್ಳುತ್ತಿದ್ದರು. ಹಾಡು ಮುಗಿದೊಡನೆ ಎಲೆಯಡಿಕೆಯನ್ನು ಪಕ್ಕಕ್ಕೆ ಉಗುಳಿ, ಅದೇ ಉಸಿರಿನಲ್ಲಿ ಬಂಗಾರಕ್ಕನಾಗಿ ಗಂಡನನ್ನು ಬೈಯಲಾರಂಭಿಸಿದಳು. ಅದೇ ಕಣ್ಣುಗಳು ಅತ್ತದ್ದು ಮರೆತು ನಕ್ಕವು. ಒಂದು ಗಂಟಲಿನಲ್ಲಿ ಸೀತೆಯೂ ಬಂಗಾರಕ್ಕನೂ ಇರುವರೆಂಬುದನ್ನು ಆ ರಾತ್ರಿ ನಾವು ಕಲಿತೆವು. ತಾತನ ಎರಡು ಕೈಗಳಲ್ಲಿ ಎರಡು ಬೊಂಬೆ, ಕಾಲಿನಲ್ಲಿ ಗೆಜ್ಜೆ, ಬಾಯಲ್ಲಿ ರಾವಣನ ಆರ್ಭಟ, ಮೈಯೆಲ್ಲ ಬೆವರು. ನಮ್ಮನ್ನು ಕಂಡು ಆತನು ಗದರಿಸಲಿಲ್ಲ. ರಾವಣನ ಧ್ವನಿಯಲ್ಲಿಯೇ, "ಎಲಾ ಬಾಲಕಾ, ಆ ಬುಟ್ಟಿಯಿಂದ ಹನುಮಪ್ಪನ್ನ ತಕ್ಕೊಡು!" ಎಂದು ಗುಡುಗಿದನು. ಹನುಮಂತನನ್ನು ಕೈಯಾರೆ ಎತ್ತಿ ಕೊಟ್ಟ ಹೆಮ್ಮೆ ನಮ್ಮದು.

ಬೊಂಬೆಗಳನ್ನು ಮಾಡುವ ಕ್ರಮವನ್ನು ತಾತನು ಬಹಳ ವರ್ಷಗಳ ಮೇಲೆ, ನಾವು ಶಾಲೆಯ ಉಪಾಧ್ಯಾಯರಾಗಿ ಬಂದ ಬಳಿಕ, ಬಿಡಿಸಿ ಹೇಳಿದನು. ಹಸಿಯ ಮೇಕೆಯ ತೊಗಲನ್ನು ನೀರಿನಲ್ಲಿ ನೆನೆಹಾಕಿ, ಕೂದಲನ್ನೂ ಒಳಗಿನ ಕೊಬ್ಬನ್ನೂ ಹೆರೆದು, ಹಿಗ್ಗಿಸಿ ಗೂಟಕ್ಕೆ ಕಟ್ಟಿ ಒಣಗಿಸಬೇಕು. ಚಪ್ಪಲಿಯ ಚರ್ಮದಂತೆ ಹದಮಾಡಿದರೆ ಕೆಟ್ಟಿತು, ಬೆಳಕು ಹಾಯುವುದಿಲ್ಲ. ಕಿವಿಗೊಟ್ಟು ಬಡಿದರೆ ಒಣಗಿದ ತೊಗಲು ಹಪ್ಪಳದಂತೆ ಸದ್ದು ಮಾಡಬೇಕು. ಅದರ ಮೇಲೆ ರೂಪವನ್ನು ಬರೆದು ಕತ್ತರಿಸುವುದು. ಒಡವೆಗಳನ್ನು ಬಣ್ಣದಿಂದ ಬರೆಯುವುದಿಲ್ಲ; ಚಿಕ್ಕ ಉಳಿಗಳಿಂದ ರಂಧ್ರಗಳನ್ನು ಕೊರೆಯುತ್ತಾರೆ. ದೀಪದ ಬೆಳಕು ಆ ರಂಧ್ರಗಳಲ್ಲಿ ಹೊಳೆದಾಗ ಅದೇ ಮುತ್ತಿನ ಸರ, ಅದೇ ಕಿರೀಟದ ರತ್ನ. ಬಣ್ಣಗಳು ಹಿಂದೆ ಗಿಡ, ತೊಗಟೆ, ಕಾಡಿಗೆಗಳಿಂದ ಆಗುತ್ತಿದ್ದವು. ಅನಂತರ ಅಂಗಡಿಯ ಬಣ್ಣ ಬಂದಿತು. ಭುಜ, ಮೊಣಕೈ, ಮೊಣಕಾಲುಗಳನ್ನು ಬೇರೆಬೇರೆಯಾಗಿ ಕತ್ತರಿಸಿ ದಾರದಿಂದ ಸಡಿಲವಾಗಿ ಬಂಧಿಸಿದರೆ ಬೊಂಬೆಯು ನಡೆಯುತ್ತದೆ. ನರ್ತಕಿಯ ಬೊಂಬೆಗೆ ಕತ್ತಿನಲ್ಲಿ, ಸೊಂಟದಲ್ಲಿಯೂ ಕೀಲು. ದೇವರಿಗೂ ಅರಸರಿಗೂ ದೊಡ್ಡ ದೇಹ, ಸೇವಕರಿಗೆ ಚಿಕ್ಕದು. ಕನ್ನಡನಾಡಿನ ಕೆಲವು ಕಡೆಗಳಲ್ಲಿ ಒಂದೇ ತೊಗಲಿನಲ್ಲಿ ಒಂದು ಸನ್ನಿವೇಶದ ನಾಲ್ಕಾರು ಜನರನ್ನೂ ಮರವನ್ನೂ ಕೊರೆದಿರುವ ಚಿಕ್ಕ ಬೊಂಬೆಗಳಿವೆ. ನಮ್ಮ ಸೀಮೆಯವು ಆಳುದ್ದದ ದೊಡ್ಡ ಬೊಂಬೆಗಳು.

ದೇವತೆಗಳಿಗೂ ನಾಯಕರಿಗೂ ಜಿಂಕೆಯ ತೊಗಲೇ ಆಗಬೇಕೆಂಬುದು ಹಿಂದಿನ ನಿಯಮ. 1972ರಲ್ಲಿ ವನ್ಯಜೀವಿಗಳ ರಕ್ಷಣೆಯ ಕಾನೂನು ಬಂದಿತು. ಜಿಂಕೆಗೆ ರಕ್ಷಣೆ ದೊರೆತುದು ಸರಿಯೇ. ಅಂದಿನಿಂದ ಶ್ರೀರಾಮನೂ ಮೇಕೆಯ ತೊಗಲಿನವನೇ. ತಾತನ ಪೆಟ್ಟಿಗೆಯಲ್ಲಿ ಅಜ್ಜನ ಕಾಲದ ಜಿಂಕೆಯ ತೊಗಲಿನ ಅರ್ಜುನನೊಬ್ಬನಿದ್ದನು. ಬೆಳಕಿನೆದುರು ಹಿಡಿದರೆ ಜೇನಿನ ಬಣ್ಣ. ಅವನನ್ನು ತೆಗೆಯುವ ಮೊದಲು ತಾತನು ಕೈ ತೊಳೆದುಕೊಳ್ಳುತ್ತಿದ್ದನು.

ಈ ಆಟಕ್ಕೆ ಟಿಕೀಟು ಇರಲಿಲ್ಲ. ಊರುಗಳನ್ನು ಅವರ ಕುಲದವರು ತಮ್ಮತಮ್ಮಲ್ಲಿ ಹಂಚಿಕೊಂಡಿದ್ದರು. ಒಬ್ಬರ ಊರಿನಲ್ಲಿ ಇನ್ನೊಬ್ಬರು ಪರದೆ ಕಟ್ಟಿದರೆ ಕುಲದ ಪಂಚಾಯತಿಯಲ್ಲಿ ನ್ಯಾಯವಾಗುತ್ತಿತ್ತು. ನಮ್ಮ ಊರು ತಾತನ ಪಾಲಿನದು. ಆಟದ ಮರುದಿನ ಅಜ್ಜಿಯೂ ಮಕ್ಕಳೂ ಮನೆಮನೆಗೆ ಬಂದು ರಾಗಿ, ಹುರುಳಿ, ಕಡಲೆಕಾಯಿ, ಹಳೆಯ ಸೀರೆ ಪಡೆದುಕೊಂಡು ಹೋಗುವರು. ಅದನ್ನು ಭಿಕ್ಷೆಯೆಂದು ಯಾರಾದರೂ ಅಂದರೆ ತಾತನಿಗೆ ಕೋಪ. "ಸಾಮಿ, ಇದು ನಮ್ಮ ಪಾಲು" ಎನ್ನುತ್ತಿದ್ದನು. ಮಳೆ ಬಿದ್ದು ಕೆರೆ ತುಂಬಿದ ತಿಂಗಳುಗಳಲ್ಲಿ ಮೀನು ಹಿಡಿಯುವುದು ಅವರ ಇನ್ನೊಂದು ಕಸುಬು. ಆದರೆ ನಮ್ಮ ಸೀಮೆಯಲ್ಲಿ ಕೆರೆ ತುಂಬುವುದು ಎಷ್ಟು ವರ್ಷಕ್ಕೊಮ್ಮೆ ಎಂಬುದನ್ನು ತಮಗೆ ಹೇಳಬೇಕಾಗಿಲ್ಲ.

ಮಳೆ ತಪ್ಪಿದ ವರ್ಷ ವಿರಾಟಪರ್ವ ಆಡಿಸುವುದು ರೂಢಿ. ನಾವು ಹೈಸ್ಕೂಲಿನಲ್ಲಿದ್ದಾಗ ಅಂಥ ಒಂದು ಆಟವಾಯಿತು. ಉತ್ತರಕುಮಾರನು ರಥದಿಂದ ಹಾರಿ ಓಡುವ ಹೊತ್ತಿಗೆ ಮೋಡ ಕವಿದು ಮಳೆ ಸುರಿಯಿತೆಂದು ಹೇಳಿದರೆ ಕಥೆ ಸೊಗಸಾಗುತ್ತಿತ್ತು, ಸುರಿಯಲಿಲ್ಲ. ಮೂರು ರಾತ್ರಿ ಆಡಿದರೂ ಹನಿ ಬೀಳಲಿಲ್ಲ. ಊರಿನವರು ಮುಖ ಸಣ್ಣದು ಮಾಡಿ ಕೊಡಬೇಕಾದುದರಲ್ಲಿ ಅರ್ಧ ಕೊಟ್ಟರು. ತಾತನು ಬುಟ್ಟಿ ಎತ್ತಿಕೊಂಡು, "ಆಡೋದು ನಮ್ದು ಸಾಮಿ, ಸುರ್ಸೋದು ಅವನ್ದು" ಎಂದು ಆಕಾಶ ತೋರಿಸಿ ಹೊರಟನು. ಅರ್ಧ ಕೊಟ್ಟವರಲ್ಲಿ ನಮ್ಮ ಮನೆಯವರೂ ಇದ್ದರು.

ಟೂರಿಂಗ್ ಟಾಕೀಸು ಬಂದಾಗ ಆಟಕ್ಕೆ ಪೆಟ್ಟು ಬಿದ್ದರೂ ಅದು ಬದುಕಿತ್ತು. ಪೂರ್ಣವಾಗಿ ಕುಗ್ಗಿಸಿದುದು 1987ರ ಜನವರಿಯಲ್ಲಿ ದೂರದರ್ಶನದಲ್ಲಿ ಆರಂಭವಾದ ರಾಮಾಯಣ. ಊರಿನ ಒಂದೇ ಟೆಲಿವಿಷನ್ನಿನ ಮುಂದೆ ಭಾನುವಾರ ಬೆಳಿಗ್ಗೆ ಎಲ್ಲರೂ ಕೈಮುಗಿದು ಕುಳಿತರು. ಭಾಷೆ ಹಿಂದಿ, ನಮ್ಮ ಮುದುಕಿಯರಿಗೆ ಒಂದು ಮಾತೂ ತಿಳಿಯುತ್ತಿರಲಿಲ್ಲ, ಆದರೂ ಕುಳಿತರು. ಕಥೆ ತಿಳಿಯದ ಭಾಷೆಯ ರಾಮನಿಗೆ ಮಂಗಳಾರತಿ ಎತ್ತಿದ ನಾವು, ನಮ್ಮದೇ ಮಾತಾಡುವ ರಾಮನಿಗೆ ಒಂದು ಸೇರು ರಾಗಿ ಕೊಡಲು ಹಿಂದೆಗೆದೆವು. ಇದನ್ನು ಯಾವ ಸರಕಾರವೂ ನಮ್ಮಿಂದ ಮಾಡಿಸಲಿಲ್ಲ. ಗಡಿ ರೇಖೆಯೂ ಮಾಡಿಸಲಿಲ್ಲ. ಸಮಿತಿಯ ವೇದಿಕೆಯಿಂದ ಈ ಮಾತನ್ನಾಡುವುದು ಕೆಲವರಿಗೆ ರುಚಿಸದೆ ಇರಬಹುದು. ನಮ್ಮ ಶಾಲೆಗಳಿಗೆ ಕನ್ನಡ ಪುಸ್ತಕ ಬರುವುದು ತಡವಾದರೆ, ಕನ್ನಡ ಬಲ್ಲ ಉಪಾಧ್ಯಾಯರ ಜಾಗ ಖಾಲಿ ಉಳಿದರೆ, ಆಗ ಸರಕಾರವನ್ನು ಕೇಳೋಣ, ಕೇಳಲೇಬೇಕು. ಬೊಂಬೆಯ ತಾತನ ವಿಷಯದಲ್ಲಿ ಮಾತ್ರ ಕೇಳಬೇಕಾದುದು ನಮ್ಮನ್ನೇ.

ತೆಲುಗಿನ ಕಡೆಯಲ್ಲಿಯೂ ಆಟ ಕುಗ್ಗಿತು. ಆದರೆ ಅಲ್ಲಿ ಕೈಕಸುಬು ಇನ್ನೊಂದು ದಾರಿ ಹಿಡಿಯಿತು. ಧರ್ಮಾವರದ ಬಳಿಯ ನಿಮ್ಮಲಕುಂಟ ಗ್ರಾಮದ ಬೊಂಬೆಯ ಕುಟುಂಬಗಳು ಅದೇ ತೊಗಲಿನಿಂದ ಲ್ಯಾಂಪ್‌ಶೇಡು, ಗೋಡೆಯ ಚಿತ್ರಗಳನ್ನು ಮಾಡಿ ಪಟ್ಟಣಗಳಿಗೆ ಕಳುಹಿಸತೊಡಗಿದರು. ಆ ಊರಿನ ದಳವಾಯಿ ಚಲಪತಿರಾವ್ ಅವರಿಗೆ 2020ರಲ್ಲಿ ಪದ್ಮಶ್ರೀ ಪ್ರಶಸ್ತಿ ದೊರೆಯಿತು. ಅವರದೂ ತಲೆಮಾರುಗಳಿಂದ ಬೊಂಬೆಯಾಡಿಸಿದ ಮನೆತನವೇ. 2022ರಲ್ಲಿ ಜಿಲ್ಲೆಗಳನ್ನು ಮರುವಿಂಗಡಿಸಿದ ಮೇಲೆ ಅವರೂ ನಾವೂ ಶ್ರೀ ಸತ್ಯಸಾಯಿ ಎಂಬ ಒಂದೇ ಜಿಲ್ಲೆಯವರಾದೆವು. ಅತ್ತ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 96ನೆಯ ವಯಸ್ಸಿನಲ್ಲಿ, 2025ರಲ್ಲಿ, ಅದೇ ಪದ್ಮಶ್ರೀ ಬಂದಿತು. ಹೊರದೇಶಗಳಲ್ಲಿಯೂ ಪರದೆ ಕಟ್ಟಿ ಕನ್ನಡದ ರಾಮಾಯಣ ಮಹಾಭಾರತಗಳನ್ನು ಆಡಿಸಿದ ತಾಯಿ ಆಕೆ. ಪತ್ರಿಕೆಯಲ್ಲಿ ಆಕೆಯ ಚಿತ್ರ ಕಂಡಾಗ ನಮಗೆ ಎಲೆಯಡಿಕೆಯ ಅಜ್ಜಿ ನೆನಪಾದಳು. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು, 2023ರಲ್ಲಿ ಕಾಲವಾದವರು, ಗಾಂಧೀಜಿಯನ್ನೂ ಸ್ವಾತಂತ್ರ್ಯ ಹೋರಾಟವನ್ನೂ ತೊಗಲುಬೊಂಬೆಯಲ್ಲಿ ತಂದರು. ಕುಂದಾಪುರದ ಬಳಿಯ ಉಪ್ಪಿನಕುದ್ರುವಿನ ಕಾಮತರ ಮನೆತನದ್ದು ದಾರ ಕಟ್ಟಿದ ಮರದ ಬೊಂಬೆ, ಅದು ಬೇರೆ ಕುಲದ ವಿದ್ಯೆ. ನಮ್ಮಂತೆಯೇ ಹೊರಗುಳಿದ ಕಾಸರಗೋಡಿನ ಕನ್ನಡಿಗರು ಆ ಬಗೆಯ ಯಕ್ಷಗಾನ ಬೊಂಬೆಯಾಟಕ್ಕೆ ಸಂಘ ಕಟ್ಟಿಕೊಂಡು ಅದನ್ನು ನಡೆಸುತ್ತಿದ್ದಾರೆ. ಎರಡು ಕಡೆಯಲ್ಲಿಯೂ ಹೀಗೆ ದೀಪ ಉರಿಯುತ್ತಿರುವಾಗ ನಡುವಿನ ನಮ್ಮ ಊರುಗಳಲ್ಲಿ ಮಾತ್ರ ಕತ್ತಲೆ.

ಇನ್ನು ನಮ್ಮ ಎರಡು ತಪ್ಪುಗಳನ್ನು ಒಪ್ಪಿಕೊಳ್ಳಬೇಕು.

ಒಂದು ವರ್ಷ ತಾತನು ಮೊಮ್ಮಗನನ್ನು ನಮ್ಮ ಶಾಲೆಗೆ ಸೇರಿಸಲು ಕರೆತಂದನು. ದಾಖಲೆ ಪುಸ್ತಕದಲ್ಲಿ ಮಾತೃಭಾಷೆ ಎಂಬ ಕಾಲಮು ಬಂದಾಗ ನಾವು ಕೇಳದೆಯೇ ಕನ್ನಡ ಎಂದು ಬರೆದೆವು. ಗಡಿಯ ಕನ್ನಡ ಶಾಲೆಯ ಉಸಿರು ಇರುವುದು ಮಕ್ಕಳ ಸಂಖ್ಯೆಯಲ್ಲಿ. ಒಂದು ತಲೆ ಹೆಚ್ಚಾದರೆ ಅಷ್ಟೇ ಸಮಾಧಾನ. ತಾತನಿಗೆ ಓದು ಬಾರದು. ಆದರೂ, "ಏನು ಬರದ್ರಿ ಮೇಷ್ಟ್ರೇ?" ಎಂದು ಕೇಳಿದನು. ಹೇಳಿದೆವು. ಆತನು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ತಾಯಿ ಮಾತು ಅದಲ್ಲ ಸಾಮಿ. ಕನ್ನಡ ನಮ್ಮ ರಾಮದೇವ್ರ ಮಾತು" ಎಂದನು. ನಾವು ನಕ್ಕು, ಎರಡೂ ಒಂದೇ ಬಿಡು ತಾತ ಎಂದೆವು. ಒಂದೇ ಅಲ್ಲ. ತಾಯಿಯಿಂದ ಬಂದ ಭಾಷೆಯನ್ನು ಉಳಿಸಿಕೊಳ್ಳುವುದು ಸಹಜ ಧರ್ಮ. ತಾಯಿಯದಲ್ಲದ ಭಾಷೆಯಲ್ಲಿ ಸಾವಿರಾರು ಪದಗಳನ್ನು, ಅಕ್ಷರದ ನೆರವೂ ಇಲ್ಲದೆ, ಮೂರು ನಾಲ್ಕು ತಲೆಮಾರು ಬಾಯಲ್ಲಿ ಇಟ್ಟುಕೊಂಡು ಕಾಯ್ದವರಿಗೆ ನಾವು ಒಂದು ಕಾಲಮಿನಲ್ಲಿ ಕೃತಜ್ಞತೆ ತೀರಿಸಹೊರಟಿದ್ದೆವು. ಆ ಹುಡುಗನು ಮೂರು ವಾರವಿದ್ದು ಗಾಡಿಯೊಡನೆ ಮುಂದಿನ ಊರಿಗೆ ಹೋದನು. ಹಾಜರಿ ಪುಸ್ತಕದಲ್ಲಿ ಹೆಸರು ಬಹಳ ದಿನ ಉಳಿಯಿತು.

ಎರಡನೆಯದು ಇನ್ನೂ ದೊಡ್ಡದು. ಶಾಲೆಯ ವಾರ್ಷಿಕೋತ್ಸವಕ್ಕೆ ಮೇಲಧಿಕಾರಿಗಳು ಬರುವವರಿದ್ದರು. ನಾವು ತಾತನನ್ನು ಕರೆಸಿ, ಆಟ ಒಂದು ಗಂಟೆಗೆ ಮುಗಿಯಬೇಕು, ಕಿಳ್ಳೇಕ್ಯಾತನ ಒರಟು ಮಾತುಗಳು ಬೇಡ, ಬಂಗಾರಕ್ಕನೂ ಬೇಡ, ಮಕ್ಕಳಿರುತ್ತಾರೆ ಎಂದು ಷರತ್ತು ಹಾಕಿದೆವು. ತಾತನು ತಲೆಯಾಡಿಸಿದನು. ಹೇಳಿದಂತೆಯೇ ಆಡಿಸಿದನು. ರಾಮನು ಮಾತಾಡಿದನು, ಸೀತೆ ಮಾತಾಡಿದಳು, ಸಭೆ ಆಕಳಿಸಿತು. ಬಂದಿದ್ದ ಅಧಿಕಾರಿಯೊಬ್ಬರು ಗಡಿಯಾರ ನೋಡಿಕೊಂಡರು. ಕೊನೆಯಲ್ಲಿ ಶಾಲು ಹೊದಿಸಲು ಹೋದಾಗ ತಾತನು ನಮ್ಮ ಕಿವಿಯ ಬಳಿ ಬಾಗಿ, "ಉಪ್ಪು ಬ್ಯಾಡ ಅಂದ್ರಿ ಮೇಷ್ಟ್ರೇ, ಹಂಗೇ ಅಡುಗೆ ಮಾಡಿದೀನಿ" ಎಂದನು. ನಮ್ಮ ಊರಿನಲ್ಲಿ ಆತನು ಕಟ್ಟಿದ ಕಡೆಯ ಪರದೆ ಅದು.

ಅಜ್ಜಿ ಮೊದಲು ಹೋದಳು. ಆಕೆ ಹೋದಮೇಲೆ ಹೆಣ್ಣುಪಾತ್ರಗಳಿಗೆ ಗಂಟಲಿಲ್ಲ. ಗಂಡುಮಕ್ಕಳು ಬೆಂಗಳೂರಿನಲ್ಲಿ ಗಾರೆಕೆಲಸಕ್ಕೆ ಸೇರಿದ್ದರು. ತಾತನು ನಿಮ್ಮಲಕುಂಟದ ನೆಂಟರ ಕಡೆ ಹೋಗಿ, ಕೈ ನಡುಗುವವರೆಗೆ ಲ್ಯಾಂಪ್‌ಶೇಡುಗಳಿಗೆ ರಂಧ್ರ ಕೊರೆಯುತ್ತಿದ್ದನೆಂದು ಕೇಳಿದೆವು. ಒಮ್ಮೆ ನೋಡಲು ಹೋದೆವು. ಹಾಲಿನಷ್ಟು ಬೆಳ್ಳಗಿನ ತೊಗಲಿನ ಮೇಲೆ ನವಿಲು ಕೊರೆಯುತ್ತಿದ್ದನು. ಚೆನ್ನಾಗಿದೆ ತಾತ ಎಂದೆವು. "ಚೆನ್ನಾಗೈತೆ. ಮಾತಾಡಲ್ಲ" ಎಂದನು.

ಮುಪ್ಪಾದ ಬೊಂಬೆಗಳನ್ನು, ಕೀಲು ಸಡಿಲಿ ತೊಗಲು ಮುರುಟಿದವನ್ನು, ಮನುಷ್ಯರಿಗೆ ಮಾಡುವಂತೆ ಪೂಜೆ ಮಾಡಿ ಹರಿಯುವ ನೀರಿಗೆ ಬಿಡುವುದು ಅವರ ಪದ್ಧತಿ. ತಾತನು ತೀರಿಕೊಂಡಾಗ ಪೆಟ್ಟಿಗೆಯನ್ನು ಏನು ಮಾಡುವುದೆಂಬ ಮಾತು ಹುಟ್ಟಿತು. ಹಳೆಯ ಬೊಂಬೆಗಳಿಗೆ ಒಳ್ಳೆಯ ಹಣ ಕೊಡುವುದಾಗಿ ಪಟ್ಟಣದ ವರ್ತಕರೊಬ್ಬರು ಬಂದಿದ್ದರು. ಹಿರಿಯರು ನೀರಿಗೆ ಬಿಡುವುದೇ ಸರಿ ಎಂದರು. ನಮ್ಮ ಶಾಲೆಯಲ್ಲಿ ಮೂರು ವಾರವಿದ್ದ ಆ ಹುಡುಗ, ಆಗಲೇ ಮೂವತ್ತರ ಸಮೀಪದವನು, ಎರಡಕ್ಕೂ ಒಪ್ಪಲಿಲ್ಲ. ಮುರುಕು ಬೊಂಬೆಗಳನ್ನು ಮಾತ್ರ ನೀರಿಗೆ ಬಿಟ್ಟು, ಉಳಿದವನ್ನು ಬೆಂಗಳೂರಿನ ಬಾಡಿಗೆಯ ಕೋಣೆಯಲ್ಲಿ ಅಟ್ಟದ ಮೇಲೆ ಇಟ್ಟನು. ಇಲಿಯ ಕಾಟಕ್ಕೆ ಬೇವಿನ ಸೊಪ್ಪು ಹಾಕಿ, ಅಮಾವಾಸ್ಯೆಗೊಮ್ಮೆ ತೆಗೆದು ಗಾಳಿಗೆ ಹರಡಿದನು. ಜಿಂಕೆಯ ತೊಗಲಿನ ಅರ್ಜುನನು ಹೀಗೆ ಉಳಿದನು.

ಕಳೆದ ವರ್ಷ ಅವನು ನಮ್ಮ ಮನೆಗೆ ಬಂದನು. ತೆಲುಗು ಪದಗಳು ನೆಂಟರ ಕಡೆಯಿಂದ ಸಿಕ್ಕಿವೆ, ಕನ್ನಡದವು ಅರ್ಧ ಮರೆತುಹೋಗಿವೆ, ತಾತನ ಕನ್ನಡ ನಿಮಗೇನಾದರೂ ನೆನಪಿದೆಯೇ ಎಂಬುದು ಅವನ ಪ್ರಶ್ನೆ. ನಮಗೆ ನೆನಪಿದ್ದುದು ಹನುಮಪ್ಪನನ್ನು ಎತ್ತಿ ಕೊಟ್ಟದ್ದು ಮಾತ್ರ. ಪದ ಒಂದೂ ಇಲ್ಲ. ಆಗ ನಾವಿಬ್ಬರೂ ಒಂದು ನೋಟುಪುಸ್ತಕ ಹಿಡಿದು ಊರಿನ ಜಗಲಿಗಳನ್ನು ಹತ್ತಿದೆವು. ಅಲ್ಲಿ ಆದುದನ್ನು ಹೇಗೆ ಹೇಳುವುದು! ಗೌಡರ ಮನೆಯ ಹಿರಿಯರಿಗೆ ಉತ್ತರಕುಮಾರನ ಬಡಾಯಿ ಇಡಿಯಾಗಿ ಬಾಯಿಗೆ ಬರುತ್ತಿತ್ತು. ಕುರಿ ಕಾಯುವ ಅಣ್ಣನೊಬ್ಬನು ಬೃಹನ್ನಳೆಯ ಮಾತುಗಳನ್ನು ತಾಳ ಸಹಿತ ಹೇಳಿದನು. ಕಣ್ಣು ಕಾಣದ ಒಬ್ಬ ತಾಯಿ, ಈಗ ಮುಂದಿನ ಸಾಲಿನಲ್ಲಿ ಕುಳಿತಿದ್ದಾರೆ, ಬಂಗಾರಕ್ಕನ ಬೈಗುಳಗಳನ್ನು ಒಂದೂ ಬಿಡದೆ ಒಪ್ಪಿಸಿದರು. ನಾವು ಬರೆದುಕೊಳ್ಳಲು ಹಿಂಜರಿದಾಗ, "ಬರ್ಕಳಪ್ಪಾ, ನಾಚಿಕೆ ಯಾಕೆ? ಅವಳು ಬೈಯ್ಯೋದು ಗಂಡನ್ನ, ನಿನ್ನನ್ನಲ್ಲ" ಎಂದರು. ಐದು ಭಾನುವಾರ ಕುಳಿತೆವು. ಎರಡು ನೋಟುಪುಸ್ತಕ ತುಂಬಿದವು. ಸೀತೆಯ ಶೋಕ ಮಾತ್ರ ಯಾರ ಬಳಿಯೂ ಪೂರ್ಣವಾಗಿ ಸಿಗಲಿಲ್ಲ. ಹೆಂಗಸರು, ನಾವು ಅಳ್ತಾ ಇದ್ವಿ, ಪದ ಎಲ್ಲಿ ಕೇಳಿದ್ವಿ ಎಂದರು. ಆದಕಾರಣ ಇಂದು ರಾಮಾಯಣವಿಲ್ಲ, ವಿರಾಟಪರ್ವ.

ಇಂದಿನ ಮೇಳದಲ್ಲಿ ಮೊಮ್ಮಗನು, ಅವನ ಹೆಂಡತಿ, ನಿಮ್ಮಲಕುಂಟದಿಂದ ಬಂದ ಸೋದರಮಾವ, ಮದ್ದಲೆಗೆ ಪಾವಗಡದ ಕಡೆಯ ನೆಂಟರೊಬ್ಬರು ಇದ್ದಾರೆ. ಆ ಹೆಣ್ಣುಮಗಳು ಕನ್ನಡದಲ್ಲಿ ಆಡುವುದು ಇದೇ ಮೊದಲು. ಅಲ್ಲಲ್ಲಿ ತೆಲುಗಿನ ಮಾತು ಬೆರೆಯಬಹುದು. ನಗಬೇಡಿ, ಕುಳಿತಲ್ಲಿಂದಲೇ ಮಾತು ಎತ್ತಿಕೊಡಿ, ತಮ್ಮಲ್ಲಿ ಬಹಳ ಜನಕ್ಕೆ ಗೊತ್ತಿದೆ. ಕಿಳ್ಳೇಕ್ಯಾತನಿಗೆ ಈ ಸಲ ನಾವು ಯಾವ ಷರತ್ತನ್ನೂ ಹಾಕಿಲ್ಲ. ಮುಖ್ಯೋಪಾಧ್ಯಾಯರ ವಿಚಾರವಾಗಿ ಅವನು ಏನೋ ಹೇಳುವವನಿದ್ದಾನೆಂದು ಮಧ್ಯಾಹ್ನವೇ ಸುಳಿವು ಸಿಕ್ಕಿದೆ. ಕೇಳಿಸಿಕೊಳ್ಳಲು ಮುಂದಿನ ಸಾಲಿನಲ್ಲಿಯೇ ಕೂರುತ್ತೇವೆ.

ಸಮಿತಿಯವರ ಮುಂದೆ ಒಂದು ಅರಿಕೆ. ಸುತ್ತಲಿನ ಐದು ಕನ್ನಡ ಊರುಗಳು ವರ್ಷಕ್ಕೊಂದು ರಾತ್ರಿ, ಸುಗ್ಗಿ ಮುಗಿದ ಮೇಲೆ, ಈ ಮೇಳವನ್ನು ಕರೆಯುವುದೆಂದು ಒಪ್ಪಿದರೆ ಅವರು ಬೆಂಗಳೂರಿನ ಕೆಲಸಕ್ಕೆ ಹತ್ತು ದಿನ ರಜೆ ಹಾಕಿ ಬರಲು ಸಿದ್ಧರಿದ್ದಾರೆ. ಐದು ಊರಿನ ಹಿರಿಯರೂ ಇಲ್ಲಿಯೇ ಇರುವುದರಿಂದ ಕಾಗದ ಬರೆಯುವ ಕಷ್ಟವಿಲ್ಲ; ಆಟದ ನಡುವೆ ಚಹಾಕ್ಕೆ ಬಿಟ್ಟಾಗ ನಮ್ಮ ಶಾಲೆಯ ಗುಮಾಸ್ತರ ಬಳಿ ಊರಿನ ಹೆಸರನ್ನೂ ತಿಥಿಯನ್ನೂ ಬರೆಸಿರಿ. ನಾಳೆ ಬೆಳಿಗ್ಗೆ ಆ ಹೆಣ್ಣುಮಗಳು ಬುಟ್ಟಿ ಹಿಡಿದು ತಮ್ಮ ಬಾಗಿಲಿಗೆ ಬರುವಳು. ನಮ್ಮ ಮನೆಯ ಬಾಕಿ ಅರ್ಧ ಪಾಲು, ಆ ಬರಗಾಲದ ವರ್ಷದ್ದು, ಅಳೆದು ಇಟ್ಟಿದ್ದೇವೆ.

ಅಗೋ, ಪರದೆಯ ಹಿಂದೆ ದೀಪ ಹಚ್ಚಿದರು. ಗಣಪತಿಯ ಕಿವಿ ಕಾಣುತ್ತಿದೆ. ಮಕ್ಕಳೇ, ಮುಂದೆ ಬಂದು ಕುಳಿತುಕೊಳ್ಳಿರಿ. ಹಿಂಬದಿಗೆ ನುಸುಳಬೇಕೆಂದಿರುವವರು ಒಬ್ಬೊಬ್ಬರಾಗಿ ಹೋಗಿರಿ, ಮೇಷ್ಟ್ರು ನೋಡುವುದಿಲ್ಲ.